ಯಾರೂ ಕರೀಲಾರದ ಅರ್ಧಾ ತಾಸು

ಹೋದ ತಿಂಗಳ ಒಂದಿನ ಮಧ್ಯಾಹ್ನ ನಾಕ ಗಂಟೆ ಸುಮಾರಿಗೆ ನಮ್ಮ ಮನ್ಯಾಗ ಒಂದ ಮಾತು ಆತು. ಜಗಳಾ ಅನ್ನೂವಷ್ಟು ದೊಡ್ಡದಲ್ಲ, ಆದ್ರ ಮುಂದ ಎರಡ ದಿವಸ ಅಡಗಿಮನ್ಯಾಗ ಬರೇ ಭಾಂಡೆ ಸಪ್ಪಳ ಅಷ್ಟ ಕೇಳಸತಿತ್ತು. ನಮ್ಮ ನಮ್ಮೊಳಗಿನ ಮಾತು ಇಲ್ಲೆ ಯಾಕ ಬರೀಲಿ ಅಂತ ಭಾಳ ವಿಚಾರ ಮಾಡಿದೆ. ಆಮ್ಯಾಲೆ ಸೊಸಿನ್ನೇ ಕೇಳಿದೆ. "ಬರೀರಿ ಅತ್ತೀ, ಎಲ್ಲಾರ ಮನ್ಯಾಗೂ ಇದ ನಡದಿರತದ" ಅಂದ್ಲು. ಅದಕ್ಕ ಬರೀಲಿಕ್ಕತ್ತೇನಿ.

ಆವತ್ತು ಸೊಸಿ ಕಿಡಕಿ ಹತ್ರ ಕೂತು ಮೆಂತೆ ಪಲ್ಯಾ ಸೋಸಲಿಕ್ಕತ್ತಿದ್ಲು. ಕಿವ್ಯಾಗ ಆ ಸಣ್ಣ ಬಿಳೇ ಗುಂಡಿ. ಗ್ಯಾಸಿನ ಮ್ಯಾಲೆ ಹಾಲು. ನಾ ಒಳಗಿನ ಖೋಲಿಯಿಂದ ಒಮ್ಮೆ ಕರದೆ. ಎರಡನೇ ಸಲ ಕರದೆ. ಮೂರನೇ ಸಲ ಕರಕೋತ ಹೊರಗ ಬರೂದ್ರಾಗ ಹಾಲು ಉಕ್ಕಿ ಕಟ್ಟಿ ತುಂಬ ಹರದಿತ್ತು. "ಮನ್ಯಾಗ ಇರೂದಿದ್ರ ಮನ್ಯಾಗ ಇರು, ಇಲ್ಲಾಂದ್ರ ಆ ಕಿವಿಯೊಳಗ ಹೋಗಿ ಇರು" ಅಂದೆ. ಖರೇ ಹೇಳಬೇಕಂದ್ರ ಇನ್ನೂ ಒಂದೆರಡ ಮಾತು ಅಂದೆ. ಅವನ್ನ ಇಲ್ಲೆ ಬರಿಯೂದಿಲ್ಲ, ನನಗ ನಾಚಿಗಿ ಬರತದ.

ಅಕಿ ಎದುರ ಮಾತಾಡಲಿಲ್ಲ. ಗುಂಡಿ ತಗದ ಇಟ್ಲು, ಕಟ್ಟಿ ಒರಸಿದ್ಲು, ಉಳದ ಹಾಲಿಗೆ ಚಹಾ ಮಾಡಿ ಎಲ್ಲಾರಿಗೂ ಕೊಟ್ಲು. ರಾತ್ರಿ ಹುಡುಗ್ಗ ಮಲಗಿಸಿ ಬಂದು ಹೇಳಿದ್ಲು, "ಹಾಲಿಂದು ನನ್ನ ತಪ್ಪ ಅದರೀ ಅತ್ತೀ. ಆದ್ರ ಆ ಅರ್ಧಾ ತಾಸು ಬಿಟ್ಟಬಿಡು ಅಂತ ಅನಬ್ಯಾಡ್ರಿ. ಇಡೀ ದಿವಸದಾಗ ನನ್ನ ಯಾರೂ ಕರೀಲಾರದ ಹೊತ್ತು ಅದೊಂದ."

ನನಗ ಸಿಟ್ಟ ಇನ್ನೂ ಇಳದಿರಲಿಲ್ಲ. "ಅಂಥಾದ್ದೇನ ಕೇಳತಿದ್ದಿ?" ಅಂದೆ. ಸಿನೆಮಾ ಹಾಡೋ, ಯಾರರ ಗೆಳತಿ ಹರಟಿಯೋ ಇರಬೇಕು ಅಂತ ನನ್ನ ಲೆಕ್ಕ. "ಫಣಿಯಮ್ಮ" ಅಂದ್ಲು. ಎಂ. ಕೆ. ಇಂದಿರಾ ಅವರ ಕಾದಂಬರಿ, ಅದನ್ನ ಯಾರೋ ಓದಿದ್ದನ್ನ ಫೋನಿನಾಗ ಕೇಳತಿದ್ಲು. ಸಣ್ಣ ಹುಡುಗಿ ಇದ್ದಾಗನ ವಿಧವೆ ಆಗಿ, ತಲಿ ಬೋಳಿಸಿಕೊಂಡು, ಜೀವನಪೂರ್ತಿ ಮಂದಿ ಮನಿ ಕೆಲಸಾ ಮಾಡಿ ಸವದ ಒಬ್ಬ ಹೆಣ್ಣುಮಗಳ ಕಥಿ. ಅದನ್ನ ಕೇಳಕೋತ ಮೆಂತೆ ಸೋಸಲಿಕ್ಕತ್ತಿದ್ದ ಹುಡುಗಿಗೆ ನಾ ಒಳಗಿಂದ ಮೂರ ಸಲ ಕೂಗಿ, ಬಂದು ಬೈದೆ. ಮನಸಿಗೆ ಒಂದ ನಮೂನಿ ಆತು.

ಮರುದಿವಸ ನಾ ಒಂದ ಕೆಲಸಾ ಮಾಡಿದೆ. ಯಾರಿಗೂ ಹೇಳಲಿಲ್ಲ. ಒಂದ ವಾಟಗಾ ಇಟಗೊಂಡು ಕೂತೆ. ಮುಂಜಾನಿಂದ ಸೊಸಿನ್ನ ಯಾರರ ಕರದ್ರ ಅದರಾಗ ಒಂದ ಕಡ್ಲಿಕಾಳು ಹಾಕೂದು. ಹುಡುಗ "ಅಮ್ಮಾ" ಅಂದ್ರ ಒಂದು. ಮಗಾ "ನನ್ನ ಸಾಕ್ಸ ಎಲ್ಲೆ?" ಅಂದ್ರ ಒಂದು. ಅಕಿ ಮನ್ಯಾಗ ಕೂತ ಆಫೀಸ ಕೆಲಸಾ ಮಾಡತಾಳ, ಅಲ್ಲಿಂದ ಫೋನ್ ಬಂದ್ರ ಒಂದು. ಕಸಾ ತಗೊಂಡ ಹೋಗಾಕಿ, ಸಿಲಿಂಡರಿನವಾ, ನಮ್ಮ ಮನಿಯವರು, ನಮ್ಮ ಅವ್ವ, ಎಲ್ಲಾರದೂ ಒಂದೊಂದು. ಸಂಜಿ ಐದಕ್ಕ ಎಣಿಸಿದ್ರ ಮೂವತ್ತೇಳ ಕಾಳು. ಅದರಾಗ ನಾ ಕರದದ್ದ ಹದಿನಾರು.

ಹದಿನಾರು! ಅದೂ ಲೆಕ್ಕಾ ಇಡತೇನಿ ಅಂತ ಗೊತ್ತಿದ್ದು, ಬಾಯಿ ಬಿಗಿ ಹಿಡದು ಕೂತ ದಿವಸ. ಮಿಕ್ಕಿದ ದಿವಸದ್ದು ದೇವರಿಗೇ ಗೊತ್ತು.

ಈಗ ನಾ ಹೇಳಬೇಕಂತಿರೂ ಮಾತು ಇಷ್ಟ. ಪುಸ್ತಕದಾಗ, ಹಾಡಿನಾಗ, ಸಿನೆಮಾದಾಗ ಒಂದ ಜಾದೂ ಅದ ಅಂತ ನಾವೆಲ್ಲಾ ಅಂತೀವಿ. ಖರೇನೂ ಅದ. ಆದ್ರ ಆ ಜಾದೂ ಪುಸ್ತಕಾ ಒಂದ ಇದ್ರ ಆಗೂದಿಲ್ಲ. ಅದಕ್ಕ ಒಂದಿಷ್ಟ ಹೊತ್ತು ನಮ್ಮನ್ನ ಯಾರೂ ಕರೀಬಾರದು. ಆ ಹೊತ್ತು ನಮ್ಮ ಹೆಣ್ಣುಮಕ್ಕಳಿಗೆ ಮನ್ಯಾಗ ಯಾರೂ ಕೊಡೂದಿಲ್ಲ, ಅದಕ್ಕ ನಾವು ಅದನ್ನ ಕದೀತೀವಿ. ಕದಿಯೂದನ್ನ ನಾವು ಬಿಡಬೇಕು. ಎಲ್ಲಾರ ಎದುರಿಗೆ, ಗಡಿಯಾರಾ ತೋರಿಸಿ, ತಗೋಬೇಕು. ಮತ್ತ ಮನ್ಯಾಗ ಹಿರಿಯಾಕಿ ಇದ್ದಾಕಿ ಅದನ್ನ ಮೊದಲ ತಾನ ಕೊಡಬೇಕು.

ಕದಿಯೂದು ಅಂತ ಯಾಕ ಅಂದೆ ಅಂದ್ರ, ನನಗ ಅದರ ಇತಿಹಾಸಾ ಗೊತ್ತದ.

ನಮ್ಮ ಅವ್ವ ಎರಡ ವರ್ಷದಿಂದ ನಮ್ಮ ಮನ್ಯಾಗ ಇದ್ದಾಳ. ಈಗ ಅಕಿಗೆ ಎಂಬತ್ತೆರಡು. ಅಕಿ ಲಗ್ನಾ ಆಗಿ ಬಂದ ಮನ್ಯಾಗ, ಅಂದ್ರ ನನ್ನ ತವರುಮನ್ಯಾಗ, ಒಟ್ಟ ಹದಿನಾಲ್ಕ ಮಂದಿ. ಮುಂಜಾನೆ ಮಡಿಲೆ ಅಡಗಿ, ಮಧ್ಯಾಹ್ನ ಹಪ್ಪಳಾ ಸಂಡಿಗಿ, ಸಂಜಿಕೆ ಮತ್ತ ಭಕ್ಕರಿ. ಬಾಜೂಮನಿ ವೈನಿ ಒಬ್ರು ಅಕಿಗೆ ಕಾದಂಬರಿ ತಂದಕೊಡತಿದ್ರಂತ, ಸೆರಗಿನ ಕೆಳಗ ಇಟಗೊಂಡು, ಪ್ರಸಾದ ಕೊಟ್ಟಂಗ. ಅವ್ವ ಅದನ್ನ ಜೋಳದ ಹಿಟ್ಟಿನ ಡಬ್ಬಿ ಹಿಂದ ಇಡತಿದ್ಲು. ನಮ್ಮ ಅಜ್ಜಿ, ಅಂದ್ರ ಅಕಿ ಅತ್ತಿ, ಮಧ್ಯಾಹ್ನ ಮಲಗಿ ಗೊರಕಿ ಹೊಡೀಲಿಕ್ಕೆ ಸುರು ಮಾಡಿದ್ರ ಅವ್ವನ ಓದು ಸುರು. ಗೊರಕಿ ನಿಂತ್ರ ಪುಸ್ತಕಾ ಬಂದ್. "ನಿಮ್ಮ ಅಜ್ಜಿ ಗೊರಕಿ ನನಗ ತಂಬೂರಿ ಇದ್ದಂಗ ಇತ್ತು" ಅಂತ ಈಗೂ ನಗತಾಳ.

ಅಜ್ಜಿ ಕೆಟ್ಟಾಕಿ ಅಲ್ಲ. ಬಾಣಂತನದಾಗ ಅವ್ವನ್ನ ಎದಿಗೆ ಹಚಗೊಂಡ ನೋಡಿಕೊಂಡಾಕಿ ಅಕಿನ. ಆದ್ರ ಹಾಡ ಹಗಲ ಹೆಣ್ಣುಮಗಳು ಪುಸ್ತಕಾ ಹಿಡದ್ರ ಮನಿಗೆ ಛೊಲೊ ಅಲ್ಲ ಅನ್ನೂದು ಅಕಿ ನಂಬಿಗಿ. ಅಕಿಗೂ ಯಾರೋ ಹಂಗ ಹೇಳಿರಬೇಕು. ನಾ ಆ ಮಾತು ಕೇಳಕೋತ ಬೆಳದಾಕಿ, "ನಾ ಅತ್ತಿ ಆದ್ರ ಹಂಗ ಎಂದೂ ಮಾಡೂದಿಲ್ಲ" ಅಂತ ಎಷ್ಟ ಸಲ ಅಂದೇನೋ. ಮೂವತ್ತೇಳರಾಗ ಹದಿನಾರು ಕಾಳು ನನ್ನವ ಅಂತ ಕಂಡಾಗ, ಅಜ್ಜಿ ನನ್ನ ಬಾಜೂಕ ಬಂದು ಕೂತಂಗ ಆತು.

ಅವ್ವ ಕದ್ದ ಓದಿದ್ದು ಹೆಚ್ಚಾಗಿ ತ್ರಿವೇಣಿಯವರದ. ಅವರ ಖರೇ ಹೆಸರು ಅನಸೂಯಾ ಶಂಕರ್. 1928ರಾಗ ಹುಟ್ಟಿ 1963ರಾಗ ತೀರಿಕೊಂಡ್ರು. ಅಷ್ಟ ಸಣ್ಣ ಆಯುಷ್ಯದಾಗ ಇಪ್ಪತ್ತರಷ್ಟು ಕಾದಂಬರಿ ಬರದ್ರು. ಹೆಣ್ಣುಮಕ್ಕಳ ಮನಸಿನೊಳಗ ಏನ ನಡದಿರತದ, ಬಾಣಂತನದಾಗ ತಲಿ ಕೆಟ್ರ ಯಾಕ ಕೆಡತದ, ವಾಪಸ ಮನಿಗೆ ಬಂದ್ರ ಮಂದಿ ಹೆಂಗ ನೋಡತಾರ, ಇದನ್ನೆಲ್ಲಾ ಬರದ್ರು. "ಶರಪಂಜರ" ನಿಮಗೆಲ್ಲಾ ಗೊತ್ತದ. ಪುಟ್ಟಣ್ಣ ಕಣಗಾಲ್ ಅವರು ಅದನ್ನ 1971ರಾಗ ಸಿನೆಮಾ ಮಾಡಿದ್ರು, ಕಲ್ಪನಾ ಕಾವೇರಿ ಆಗಿದ್ರು. ಆ ಸಿನೆಮಾ ನೋಡಿ ಬಂದ ರಾತ್ರಿ ನಮ್ಮ ಓಣಿ ಹೆಂಗಸರು ಯಾರೂ ಸರಿಯಾಗಿ ಮಾತಾಡಲಿಲ್ಲಂತ. ಅವ್ವ ಹೇಳತಾಳ, ಅವರ ಓಣ್ಯಾಗ ಒಬ್ಬಾಕಿ ಬಾಣಂತಿ ಇದ್ಲು, ಎಲ್ಲಾರೂ "ಗಾಳಿ ಹಿಡದದ" ಅಂತಿದ್ರು. ಸಿನೆಮಾ ನೋಡಿದ ಮ್ಯಾಲೆ ಅವ್ವ ಅಕಿ ಮನಿಗೆ ಹೋಗಿ ಸುಮ್ನ ಬಾಜೂಕ ಕೂತು ಬಂದ್ಲು. ಮಾತು ಏನೂ ಆಡಲಿಲ್ಲ. ಮರುದಿವಸ ಮತ್ತ ಹೋದ್ಲು.

ನಾ ಜಾದೂ ಅನ್ನೂದು ಇದಕ್ಕ ನೋಡ್ರಿ. ಆಕಾಶದಾಗಿಂದ ಏನೂ ಉದರಬೇಕಾಗಿಲ್ಲ. ಒಂದ ಪುಸ್ತಕಾ, ಒಂದ ಸಿನೆಮಾ, ನಿನ್ನಿ ತನಕಾ ಕಾಣಲಾರದ ಬಾಜೂಮನಿ ಹೆಂಗಸು ಇವತ್ತ ಕಾಣೂ ಹಂಗ ಮಾಡತದ.

ಎಂ. ಕೆ. ಇಂದಿರಾ ಅವರದೂ ಒಂದ ಮಾತು ಹೇಳಬೇಕು. 1917ರಾಗ ಹುಟ್ಟಿದವರು. ಸಣ್ಣ ವಯಸಿನಾಗ ಲಗ್ನಾ ಆತು, ಸಾಲಿ ಹೆಚ್ಚ ಕಲೀಲಿಲ್ಲ. ಅವರ ಮೊದಲನೇ ಕಾದಂಬರಿ "ತುಂಗಭದ್ರಾ" ಬಂದದ್ದು 1963ರಾಗ, ಅಂದ್ರ ನಲವತ್ತೈದ ದಾಟಿದ ಮ್ಯಾಲೆ. "ಫಣಿಯಮ್ಮ" ಬಂದದ್ದು 1976ರಾಗ, ಅವಾಗ ಅವರಿಗೆ ಅರವತ್ತರ ಹತ್ರ. ಪ್ರೇಮಾ ಕಾರಂತರು ಅದನ್ನ ಸಿನೆಮಾ ಮಾಡಿದ್ರು. ನಲವತ್ತಾತಂದ್ರ "ಇನ್ನೇನದ ನಮ್ಮದು, ಮಕ್ಕಳದು ಒಂದ ದಡಾ ಹತ್ತಿದ್ರ ಸಾಕು" ಅನ್ನೂ ನಾವು ಇದನ್ನ ಒಂಚೂರು ನೆನಪಿಡಬೇಕು. ನಾವೇನ ಕಾದಂಬರಿ ಬರೀಬೇಕಾಗಿಲ್ಲ. ಅವರು ಬರದದ್ದನ್ನ ಓದಲಿಕ್ಕರ ಹೊತ್ತು ಕೇಳೋಣು.

ಇನ್ನ ಹಾಡಿನ ಮಾತು. ನಮ್ಮ ಕಡೆ ಹಾಡಿಗೆ ಏನ ಬರಾ? ಧಾರವಾಡ ಆಕಾಶವಾಣಿ 1950ರಾಗ ಸುರು ಆತು. ಮಲ್ಲಿಕಾರ್ಜುನ ಮನ್ಸೂರರು ಅಲ್ಲೆ ಸಂಗೀತ ಸಲಹೆಗಾರರಾಗಿದ್ರು. ನಾ ಸಣ್ಣಾಕಿ ಇದ್ದಾಗ ನಮ್ಮ ಪಡಸಾಲ್ಯಾಗ ಒಂದ ಮರದ ರೇಡಿಯೋ ಇತ್ತು, ಅದರ ಮ್ಯಾಲೆ ಅವ್ವ ಹೆಣದ ಕ್ರೋಶಾದ ಹೊದಿಕಿ. ಅವಾಗ ರೇಡಿಯೋಕ್ಕೂ ಲೈಸನ್ಸ್ ಇತ್ತು, ಪೋಸ್ಟ್ ಆಫೀಸಿಗೆ ಹೋಗಿ ವರ್ಷಾ ವರ್ಷಾ ರೊಕ್ಕಾ ತುಂಬಬೇಕಿತ್ತು. ಲೈಸನ್ಸ್ ಅಪ್ಪನ ಹೆಸರಿಲೆ, ಕಿವಿ ಹಿಂಡೂದೂ ಅಪ್ಪನ ಕೈಯಾಗ. ಆದ್ರ ಅಪ್ಪ ಆಫೀಸಿಗೆ ಹೋದ ಮ್ಯಾಲೆ ಅದು ಹೆಂಗಸರದ. ಅಕ್ಕಿ ಆರಿಸಿಕೋತ, ಬತ್ತಿ ಹೊಸಕೋತ, ಪಡಸಾಲ್ಯಾಗ ನಾಕೈದ ಮಂದಿ. ಬಾಜೂಮನಿ ಕಾಕು ತಮ್ಮ ಮೊರಾ ತಗೊಂಡ ಬಂದು ಕೂಡತಿದ್ರು. ಭೀಮಸೇನ ಜೋಶಿಯವರು ದಾಸರಪದಾ ಹಾಡಲಿಕ್ಕೆ ಸುರು ಮಾಡಿದ್ರ ಮೊರದಾಗಿನ ಅಕ್ಕಿ ಹಂಗ ನಿಂತಬಿಡತಿತ್ತು. ಕಲ್ಲು ಉಳದ ಅನ್ನಾ ಆವತ್ತ ರಾತ್ರಿ ಎಲ್ಲಾರೂ ಉಂಡದ್ದದ.

ಹಾಡಿನ ಮಾತು ಬಂದ್ರ ಗಂಗೂಬಾಯಿ ಹಾನಗಲ್ ಅವರನ್ನ ಬಿಟ್ಟ ಹೆಂಗ ಆಗತದ? 1913ರಾಗ ಧಾರವಾಡದಾಗ ಹುಟ್ಟಿದವರು. ಸಣ್ಣವರಿದ್ದಾಗ ಗ್ರಾಮೋಫೋನಿನ ದನಿ ಕೇಳಿದ್ರ ಓಣಿಗೆ ಓಡಿಹೋಗಿ ನಿಲ್ಲತಿದ್ರಂತ. ಮುಂದ ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನಾಗ ಹೋಗಿ ಸವಾಯಿ ಗಂಧರ್ವರ ಹತ್ರ ಕಲತ್ರು. ಅವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಾಗ ಭಾಳ ಛೊಲೊ ಹಾಡವರು. ಮಗಳು ಹಿಂದೂಸ್ತಾನಿ ಕಲೀಲಿಕ್ಕತ್ತಾಳ, ತನ್ನ ಹಾಡಿನ ನೆರಳು ಅಕಿ ಹಾಡಿನ ಮ್ಯಾಲೆ ಬೀಳಬಾರದು ಅಂತ ತಮ್ಮ ಹಾಡ ನಿಲ್ಲಿಸಿಬಿಟ್ರು.

ಈ ಕಥಿ ಕೇಳಿದಾಗೆಲ್ಲಾ ನಾವು "ಆಹಾ, ಎಂಥಾ ತಾಯಿ" ಅಂತೀವಿ. ನಾನೂ ಅಂದೇನಿ. ಅವರದು ದೊಡ್ಡ ಮನಸು, ಅದಕ್ಕ ಅವರದ ಆದ ಕಾರಣಾನೂ ಇತ್ತು, ಅದನ್ನ ನಾ ಅಳಿಯಾಕಿ ಅಲ್ಲ. ಆದ್ರ ನನಗ ಈಗೀಗ ಬ್ಯಾರೆ ಒಂದ ವಿಚಾರ ಬರತದ. ನಮಗ ಹೆಂಗಸರು ಬಿಟ್ಟಕೊಟ್ಟ ಕಥಿ ಯಾಕ ಇಷ್ಟ ರುಚಿ ಹತ್ತತಾವ? ಅಂಬಾಬಾಯಿಯವರು ಹಾಡ ನಿಲ್ಲಿಸಿದ್ದಕ್ಕ ಆ ಮನ್ಯಾಗ ಒಬ್ಬ ಗಂಗೂಬಾಯಿ ಬೆಳದ್ರು. ನಮ್ಮ ನಿಮ್ಮ ಮನ್ಯಾಗ ನಿಂತ ಹಾಡಿಗೆ ಏನ ಬೆಳೀತು? ನನ್ನ ಓರಗಿತ್ತಿ ಒಬ್ರು, ಲಗ್ನಾ ಆಗಿ ಬಂದಾಗ ಹಾರ್ಮೋನಿಯಂ ತಂದಿದ್ರು. ಸೀನಿಯರ್ ಪರೀಕ್ಷಾ ತನಕಾ ಕಲತವರು. ಮೊದಲನೇ ವರ್ಷ ಗೌರಿ ಹಬ್ಬಕ್ಕ ಹಾಡಿದ್ರು. ಆಮ್ಯಾಲೆ ಆ ಪೆಟ್ಟಿಗಿ ಮ್ಯಾಲೆ ಇಸ್ತ್ರೀ ಅರಬಿ ಇಡಲಿಕ್ಕೆ ಸುರು ಆತು. ಅವರಿಗೆ ಹಾಡಬ್ಯಾಡಾ ಅಂತ ಯಾರೂ ಅನಲಿಲ್ಲ. ಯಾರೂ ಅನಲಾರದನ, ಬರೇ ಕರದು ಕರದು, ಆ ಹಾಡು ನಿಂತತು. ಈಗ ಪೆಟ್ಟಿಗಿ ತಗದ್ರ ಒಳಗಿನ ಪಟ್ಟಿ ಹುಳಾ ತಿಂದಾವ.

ಹೌದು, ನಿಮ್ಮ ಮಾತೂ ನನಗ ಕೇಳಸತದ. ನಮ್ಮ ಎದುರುಮನಿ ಮೌಶಿ ಮೊನ್ನೆ ಕಟ್ಟಿ ಮ್ಯಾಲೆ ಕೂತಾಗ ಅಂದ್ರು, "ಅಲ್ಲವಾ, ನಿಮ್ಮ ಕಾಲದ ರೇಡಿಯೋ ಬ್ಯಾರೆ. ಒಂದ ಹಾಡು, ಹತ್ತ ಮಂದಿ. ಈಗ ಮನ್ಯಾಗ ಐದ ಮಂದಿ ಇದ್ರ ಐದ ಫೋನು. ಒಬ್ರ ನಗತಾರ, ಇನ್ನೊಬ್ರಿಗೆ ಯಾಕ ಅಂತ ಗೊತ್ತಿಲ್ಲ. ಇದಕ್ಕ ಜಾದೂ ಅಂತಿಯೇನು?" ಮೌಶಿ ಅಂದದ್ದು ಸುಳ್ಳಲ್ಲ. ನನ್ನ ಸಿಟ್ಟಿನ್ಯಾಗೂ ಅರ್ಧಾ ಅದ ಇತ್ತು. ಹಾಲು ಹೋದದ್ದಕ್ಕಿಂತ, ಅಕಿ ನಾ ಇಲ್ಲಧಂಗ ಕೂತಿದ್ಲು ಅನ್ನೂದ ನನಗ ಚುಚ್ಚಿತ್ತು.

ಆದ್ರ ಮೌಶಿಗೆ ನಾ ಕೇಳಿದೆ, ಆ ಪಡಸಾಲಿ ರೇಡಿಯೋದ ಮುಂದ ಕೂತಾಗನೂ ನಮ್ಮ ಅವ್ವನ್ನ ಎಷ್ಟ ಸಲ ಒಳಗ ಕರದಿರಬೇಕು? ಹಾಡು ಸುರು ಆದಾಗ ಇರತಿದ್ಲು, ಮುಗಿಯೂದ್ರಾಗ ಒಲಿ ಮುಂದ ಇರತಿದ್ಲು. ಅಕಿ ಎಂದರ ಒಂದ ರಾಗಾ ಪೂರ್ತಿ ಕೇಳಿದ್ದದ ಏನು? ಎಲ್ಲಾರ ಜೋಡಿ ಕೂಡಿ ಕೇಳೂದು ಛಂದ. ಆದ್ರ ಕೂಡಿ ಕೂತಾಗ ಎದ್ದಹೋಗಬೇಕಾದಾಕಿ ಯಾವಾಗಲೂ ಒಬ್ಬಾಕಿನ ಆಗಿರತಾಳ. ಅದಕ್ಕ ಒಂದ ಮನ್ಯಾಗ ಎರಡೂ ಬೇಕು. ಬಾಗಲಾ ಮುಚ್ಚಿಕೊಂಡು ಅರ್ಧಾ ತಾಸು, ಬಾಗಲಾ ತಗದು ಅರ್ಧಾ ತಾಸು. ಬರೇ ಮುಚ್ಚಿದ್ದಾದ್ರ ಮನಿ ಧರ್ಮಶಾಲಿ ಆಗತದ. ಬರೇ ತಗದದ್ದಾದ್ರ ಒಬ್ಬಾಕಿ ಅಡಗಿಮನ್ಯಾಗ ಉಳೀತಾಳ.

ಇನ್ನ ಕೆಲವ್ರು ಕೇಳತೀರಿ, ಸೀರಿಯಲ್ ನೋಡಿದ್ರ ನಡೀತದೇನು, ರೀಲ್ಸ್ ನೋಡಿದ್ರ ನಡೀತದೇನು ಅಂತ. ಹೆಂಗಸರು ಸೀರಿಯಲ್ ನೋಡತಾರ ಅಂತ ನಗೂ ಗಂಡಸರು ದಿನಾ ರಾತ್ರಿ ಎರಡ ತಾಸು ನ್ಯೂಸ್ ಚಾನಲ್ಲಿನ ಜಗಳಾ ನೋಡತಾರ, ಅವರಿಗೆ ಯಾರೂ ನಗೂದಿಲ್ಲ. ಅದಕ್ಕ ನಾ ಸೀರಿಯಲ್ಲಿಗೆ ಬೈಯೂದಿಲ್ಲ. ನಾನೂ ಒಂದ ನೋಡತೇನಿ, ಹೆಸರ ಹೇಳೂದಿಲ್ಲ. ನಂದ ಒಂದ ಸಣ್ಣ ಪರೀಕ್ಷಾ ಅದ. ಎದ್ದು ಅಡಗಿಮನಿಗೆ ಹೋದಾಗ, ನೋಡಿದ್ದೋ ಕೇಳಿದ್ದೋ ಓದಿದ್ದೋ ಏನರ ನನ್ನ ಬೆನ್ನ ಹತ್ತಿ ಬರತದೇನು? ಭಕ್ಕರಿ ಬಡಿಯೂವಾಗ "ಅಕಿ ಹಂಗ್ಯಾಕ ಮಾಡಿದ್ಲು" ಅಂತ ವಿಚಾರ ಬರತದೇನು? ಬಂದ್ರ ಅದು ಒಳಗ ಇಳದದ ಅಂತ ತಿಳೀಬೇಕು. ರೀಲ್ಸ್ ನೋಡಿ ಎದ್ದಾಗ ನನ್ನ ಬೆನ್ನ ಹತ್ತಿ ಏನೂ ಬರಲಿಲ್ಲ. ಒಂದ ತಾಸು ಹೋಗಿತ್ತು, ಬೆರಳ ನೂಯಲಿಕ್ಕತ್ತಿತ್ತು, ಕೈಯಾಗ ಏನೂ ಇರಲಿಲ್ಲ. ಚುರಮರಿ ತಿಂದಂಗ, ಹೊಟ್ಟಿ ತುಂಬಿಧಂಗ ಅನಸತದ, ಹತ್ತ ನಿಮಿಷಕ್ಕ ಮತ್ತ ಹಸಿವಿ. ಇದು ನನ್ನ ಪರೀಕ್ಷಾ. ನಿಮಗ ರೀಲ್ಸಿನ್ಯಾಗನ ಏನರ ಬೆನ್ನ ಹತ್ತಿ ಬಂದ್ರ ನಿಮ್ಮ ಪುಣ್ಯಾ.

"ಪುಸ್ತಕಾ ತುಟ್ಟಿ ಆಗ್ಯಾವ" ಅನ್ನೂವವರಿಗೆ ಒಂದ ಲೆಕ್ಕದ ಮಾತು ಹೇಳತೇನಿ. ನಮ್ಮ ರಾಜ್ಯದಾಗ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಮನಿ ಟ್ಯಾಕ್ಸಿನ ಜೋಡಿ ಗ್ರಂಥಾಲಯ ಕರಾ ತಗೋತಾರ, ರೂಪಾಯಿಗೆ 6 ಪೈಸಾ. ಮನಿ ಟ್ಯಾಕ್ಸಿನ ಪಾವತಿ ತಗದ ನೋಡ್ರಿ, ಅದರಾಗ ಬರದಿರತಾರ. ಅಂದ್ರ ಆ ಗ್ರಂಥಾಲಯದಾಗಿನ ಪುಸ್ತಕಕ್ಕ ನಾವು ಮೊದಲ ರೊಕ್ಕಾ ಕೊಟ್ಟಬಿಟ್ಟೀವಿ. ರೇಶನ್ನಿನ ಅಕ್ಕಿ ಒಂದ ಕಿಲೋ ಕಡಿಮಿ ಕೊಟ್ರ ಜಗಳಾ ತಗಿಯೂ ನಾವು, ರೊಕ್ಕಾ ಕೊಟ್ಟ ಪುಸ್ತಕಾ ತರಲಿಕ್ಕೆ ವರ್ಷಾನುಗಟ್ಟಲೆ ಹೋಗೂದಿಲ್ಲ. ನಾ ಹೋದ ತಿಂಗಳ ಹೋಗಿ ಮೆಂಬರ್ ಆಗಿ ಬಂದೆ. ಅಲ್ಲೆ ಪೇಪರ್ ಓದಲಿಕ್ಕೆ ಕೂತವರೆಲ್ಲಾ ಗಂಡಸರು. ನಾ ಒಳಗ ಹೋದಾಗ ಎಲ್ಲಾರೂ ಒಮ್ಮೆ ತಲಿ ಎತ್ತಿ ನೋಡಿದ್ರು. ಎರಡನೇ ಸಲ ಯಾರೂ ನೋಡಲಿಲ್ಲ.

ಈಗ ನಮ್ಮ ಮನ್ಯಾಗ ಏನ ಮಾಡೀವಿ ಅಂತ ಹೇಳತೇನಿ. ನಾಕರಿಂದ ನಾಕೂವರಿ ಸೊಸಿದು. ಅವಾಗ ಹುಡುಗ ನನ್ನ ಹತ್ರ. ಅಕಿ ಕೂಡೂಕಿಂತ ಮೊದಲ ಗ್ಯಾಸ್ ಬಂದ್, ಇದು ಅಕಿನ ಹಾಕಿಕೊಂಡ ನೇಮ. ಅಕಿ ಕಿವ್ಯಾಗ ಗುಂಡಿ ಇಟಗೊಂಡ್ರ ಮನಿಗೆ ಬೆಂಕಿ ಹತ್ತೂ ತನಕಾ ಕರಿಯೂದಿಲ್ಲ, ಇದು ನಾ ಹಾಕಿಕೊಂಡ ನೇಮ. ಮೊದಲನೇ ವಾರಾ ನನಗ ಭಾಳ ಕಷ್ಟ ಆತು. ಬಾಯಿ ತನಕಾ ಅಕಿ ಹೆಸರ ಬರತಿತ್ತು, ನುಂಗತಿದ್ದೆ. ಅದರಿಂದ ನನಗ ಒಂದ ಗೊತ್ತಾತು. ನಾ ಅಕಿನ್ನ ಕರಿಯೂದು ಅರ್ಧಾ ಕೆಲಸಕ್ಕ ಅಲ್ಲ. ಸುಮ್ನ, ಅಕಿ ಅಲ್ಲೆ ಇದ್ದಾಳ ಇಲ್ಲೋ ಅಂತ ಮುಟ್ಟಿ ನೋಡಿಧಂಗ. ವಯಸಾತಲ್ಲಾ, ಮನ್ಯಾಗ ದನಿ ಬೇಕನಸತದ. ಇದನ್ನ ಅಕಿಗೂ ಹೇಳಿದೆ. "ಹಂಗ ಹೇಳಿದ್ರ ನನಗ ತಿಳೀತಿತ್ತಲ್ರೀ, ಧನಿಯಾ ಎಲ್ಲೆದ ಅಂತ ಯಾಕ ಕೇಳತೀರಿ" ಅಂದ್ಲು. ಇಬ್ರೂ ನಕ್ವಿ.

ನಮ್ಮ ಮನಿಯವರು ಒಂದಿನ ಆ ಹೊತ್ತಿನ್ಯಾಗನ ಚಹಾ ಕೇಳಿದ್ರು. ನಾನೂ ಹುಡುಗನ ಜೋಡಿ ಕೂತಿದ್ದೆ, ಏಳಲಿಲ್ಲ. ಹತ್ತ ನಿಮಿಷಾ ಬಿಟ್ಟ ತಾವ ಎದ್ದಹೋಗಿ ಮಾಡಿದ್ರು. ಅರವತ್ತ್ಮೂರನೇ ವಯಸಿಗೆ ಮೊದಲನೇ ಚಹಾ. ಸಕ್ಕರಿ ಹೆಚ್ಚಾಗಿತ್ತು. ಛೊಲೊ ಆಗೇದ ಅಂತ ಹೇಳಿ ಕುಡದ್ವಿ.

ರಾತ್ರಿ ಎಂಟೂವರಿಗೆ ಬಾಗಲಾ ತಗದ ಅರ್ಧಾ ತಾಸು. ಇದು ಅವ್ವನ ಖೋಲ್ಯಾಗ. ಅವ್ವನ ಕಣ್ಣಿನ ಪೊರಿ ತಗಸೀವಿ, ಆದ್ರ ಕಣ್ಣಿನ ಹಿಂದಿನ ಪರದಿ ಸವದದ, ಅದಕ್ಕ ಇನ್ನ ಉಪಾಯಿಲ್ಲಾ ಅಂದಾರ ಡಾಕ್ಟರು. ಮನಿಶಾರ ಗುರತ ಸಿಗತದ, ಅಕ್ಷರಾ ಕಾಣೂದಿಲ್ಲ. ಗೊರಕಿ ಲೆಕ್ಕದಾಗ ಕದ್ದ ಓದಿದಾಕಿಗೆ ಈಗ ಹಗಲೆಲ್ಲಾ ಹೊತ್ತದ, ಯಾರೂ ಕರಿಯೂದಿಲ್ಲ, ಕಣ್ಣ ಇಲ್ಲ. ಇದನ್ನ ನೆನಸಿದ್ರ ನನಗ ಸಂಕಟಾ ಆಗತದ. ಅದಕ್ಕ ನಾ ಗಟ್ಟಿಯಾಗಿ ಓದತೇನಿ, ಒಂದೊಂದ ದಿವಸ ಸೊಸಿ ಓದತಾಳ. ಹುಡುಗ ನಡಕ ಬಂದು ಮಲಗತಾನ.

ಓದಲಿಕ್ಕೆ ಸುರು ಮಾಡಿದ ಎರಡನೇ ರಾತ್ರಿ ಅವ್ವ ಒಂದ ಸಂಗತಿ ಹೇಳಿದ್ಲು, ಅಲ್ಲೀತನಕಾ ನನಗೂ ಗೊತ್ತಿರಲಿಲ್ಲ. ನಾ ಹುಟ್ಟೂಕಿಂತ ಮೊದಲಿನ ಮಾತು. ಬಾಜೂಮನಿ ವೈನಿ ಕೊಟ್ಟಿದ್ದ ಒಂದ ಕಾದಂಬರಿ, ಇನ್ನ ಇಪ್ಪತ್ತ ಪಾನು ಉಳದಿದ್ದವಂತ, ಅಷ್ಟರಾಗ ಅಜ್ಜಿ ಕೈಗೆ ಸಿಕ್ತು. ಅಜ್ಜಿ ಬೈಲಿಲ್ಲ, ಹರೀಲಿಲ್ಲ. ಸೀದಾ ತಗೊಂಡ ಹೋಗಿ ವೈನಿಗೆ ವಾಪಸ ಕೊಟ್ಟ ಬಂದ್ಲು. ಅವಮಾನಾ ಆಗಿ ಆ ವೈನಿ ಮತ್ತ ಪುಸ್ತಕಾ ತರೂದ ಬಿಟ್ರು. "ಅದರ ಕಡೀಕೆ ಏನಾತು ಅಂತ ಇವತ್ತಿಗೂ ಗೊತ್ತಿಲ್ಲ ನೋಡು" ಅಂದ್ಲು ಅವ್ವ. ಅರವತ್ತ ವರ್ಷ! ಅಷ್ಟ ವರ್ಷ ಒಂದ ಕಥಿ ಅಕಿ ತಲ್ಯಾಗ ಅರ್ಧಾನ ನಿಂತದ.

ಹೆಸರೇನು ಅಂದ್ರ ನೆನಪಿಲ್ಲ. ರಟ್ಟ ಹರದಿತ್ತಂತ. ತ್ರಿವೇಣಿಯವರದ ಅನ್ನೂದು ಮಾತ್ರ ಗಟ್ಟಿ ಅಂತಾಳ. "ಶರಪಂಜರ" ಅಲ್ಲ, ಅದನ್ನ ಸಿನೆಮಾದಾಗ ನೋಡ್ಯಾಳ. ನೆನಪಿರೂದು ಇಷ್ಟ, ಒಬ್ಬಾಕಿ ಕಿಡಕಿ ಹತ್ರ ನಿಂತಾಳ, ಹೊರಗ ಮಳಿ, ಕೈಯಾಗ ಒಂದ ಕಾಗದಾ ಅದ, ಇನ್ನೂ ಒಡದಿಲ್ಲ.

ಅದಕ್ಕ ನಾವು ಒಂದೊಂದ ತಂದು ಓದಲಿಕ್ಕತ್ತೀವಿ. ಮೊದಲನೇದು ನಾಕ ಪಾನು ಓದೂದ್ರಾಗ ಅವ್ವ "ಇದಲ್ಲ" ಅಂದ್ಲು. ಹಂಗಾದ್ರ ಬಿಡಲೇನು ಅಂದೆ. "ಸುರು ಮಾಡಿದ್ದು ಅರ್ಧಕ್ಕ ಬಿಡಬಾರದವಾ, ಓದು" ಅಂದ್ಲು. ಪೂರ್ತಿ ಓದಿದೆ. ಎರಡನೇದೂ ಅಲ್ಲ. ಪೂರ್ತಿ ಓದಿದೆ. ಈಗ ಮೂರನೇದು ನಡದದ. ಮೊನ್ನೆ ಅದರಾಗ ಮಳಿ ಬಂತು, ಕಿಡಕಿ ಬಂತು. ನನ್ನ ಎದಿ ಧಸಕ್ ಅಂತು, ಓದೂದ ನಿಲ್ಲಿಸಿ ಅವ್ವನ ಮಾರಿ ನೋಡಿದೆ. ಅವ್ವ ಕಣ್ಣ ಮುಚಗೊಂಡು ಒಂದ ಗಳಿಗಿ ಸುಮ್ನ ಇದ್ಲು. ಆಮ್ಯಾಲೆ, "ಅಲ್ಲ ಅನಸತದ. ಮುಂದ ಓದು" ಅಂದ್ಲು.

ಸೊಸಿ ನನ್ನ ಕಿವ್ಯಾಗ ಹೇಳತಾಳ, "ಅತ್ತೀ, ಅಜ್ಜಿಗೆ ಸಿಕ್ಕರೂ ಅದ ಅಂತ ಹೇಳೂದಿಲ್ಲ ನೋಡ್ರಿ. ಸಿಕ್ಕರ ನೀವು ಓದೂದ ನಿಲ್ಲಸತೀರಿ ಅಂತ." ಇದ್ದೀತು. ನನಗೂ ಹಂಗ ಅನಸಲಿಕ್ಕತ್ತದ. ನಾನೂ ಕೇಳಲಿಕ್ಕೆ ಹೋಗಿಲ್ಲ.

ಅದಕ್ಕ ನಿಮ್ಮೆಲ್ಲಾರ ಹತ್ರ ನನ್ನದು ಎರಡ ಕೇಳೂದದ. ಒಂದು, ನಿಮ್ಮ ಮಾಳಿಗಿ ಮ್ಯಾಲೆ, ಟ್ರಂಕಿನ್ಯಾಗ ರಟ್ಟ ಹರದ ಹಳೇ ಕಾದಂಬರಿ ಇದ್ರ ರದ್ದಿಗೆ ಹಾಕಬ್ಯಾಡ್ರಿ, ನಮ್ಮ ಮನಿಗೆ ಕಳಸ್ರಿ. ಯಾರದರ ಇರಲಿ. ಎರಡು, ಇವತ್ತಿಂದ ಒಂದ ವಾಟಗಾ, ಒಂದ ಹಿಡಿ ಕಡ್ಲಿಕಾಳು ತಗೊಂಡ ಕೂಡ್ರಿ. ನಿಮ್ಮನ್ನ ಯಾರ ಎಷ್ಟ ಸಲ ಕರೀತಾರ ಅಂತ ಎಣಸ್ರಿ, ಅದಕ್ಕಿಂತ ಮೊದಲ ನೀವು ಯಾರನ್ನ ಎಷ್ಟ ಸಲ ಕರೀತೀರಿ ಅಂತ ಎಣಸ್ರಿ. ಎಷ್ಟ ಆತು ಅಂತ ನನಗ ಫೋನ್ ಮಾಡಿ ಹೇಳ್ರಿ.

ನಾಕರಿಂದ ನಾಕೂವರಿ ತನಕಾ ಮಾತ್ರ ಮಾಡಬ್ಯಾಡ್ರಿ.